ಹಡಗು ನಡೆಸಿದವರು ಯಾರು?

ತಮಿಳಿನಲ್ಲಿ 'ಕಪ್ಪಲೋಟ್ಟಿಯ ತಮಿಳನ್' ಎಂಬ ಒಂದು ಬಿರುದು ಇದೆ. ಹಡಗು ನಡೆಸಿದ ತಮಿಳ ಎಂದು ಇದರ ಅರ್ಥ. ತೂತ್ತುಕುಡಿಯಲ್ಲಿ 1906ರಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿ, ಬ್ರಿಟಿಷರ ಸ್ಟೀಮರುಗಳಿಗೆ ಎದುರಾಗಿ ಕೊಲಂಬೊಗೆ ಹಡಗು ಬಿಟ್ಟ ವ.ಉ. ಚಿದಂಬರಂ ಪಿಳ್ಳೆ (1872-1936) ಅವರ ಹೆಸರಿಗೆ ಅಂಟಿಕೊಂಡ ಬಿರುದು ಇದು. ಮ.ಪೊ. ಶಿವಜ್ಞಾನಂ ಇದೇ ಹೆಸರಿನಲ್ಲಿ ಅವರ ಚರಿತ್ರೆ ಬರೆದರು. ಅದನ್ನು ಆಧರಿಸಿ 1961ರಲ್ಲಿ ಇದೇ ಹೆಸರಿನ ಸಿನಿಮಾ ಬಂತು. ಚಿದಂಬರಂ ಅವರ ಪಾತ್ರ ಮಾಡಿದವರು ಶಿವಾಜಿ ಗಣೇಶನ್. ಸಿನಿಮಾ ಮಾಡಿದವರು ನಮ್ಮ ಬಿ.ಆರ್. ಪಂತುಲು. 'ಸ್ಕೂಲ್ ಮಾಸ್ಟರ್' ಮತ್ತು 'ಕಿತ್ತೂರು ಚೆನ್ನಮ್ಮ' ಚಿತ್ರಗಳನ್ನು ಕನ್ನಡಕ್ಕೆ ಕೊಟ್ಟ ಅದೇ ಪಂತುಲು. ತಮಿಳರ ನೆನಪಿನಲ್ಲಿ ಚಿದಂಬರಂ ಅವರಿಗೆ ಒಂದು ಮುಖವನ್ನು ಕೊಟ್ಟವರು ಒಬ್ಬ ಕನ್ನಡಿಗ ಎಂಬುದು ನಮ್ಮಲ್ಲಿ ಹೆಚ್ಚು ಚರ್ಚೆಯಾಗದ ಸಂಗತಿ.

ನಾವು ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ ಸರಳವಾದದ್ದು. ಉಗಿಹಡಗನ್ನು ಒಬ್ಬ ಮನುಷ್ಯ ನಡೆಸಲು ಸಾಧ್ಯವೆ? ದೋಣಿಯನ್ನು ಒಬ್ಬನೇ ಹುಟ್ಟು ಹಾಕಿ ನಡೆಸಬಹುದು. ಸ್ಟೀಮರ್ ಹಾಗಲ್ಲ. ಅದಕ್ಕೆ ಬಂಡವಾಳ ಬೇಕು, ಪಾಲುದಾರರು ಬೇಕು, ಕಲ್ಲಿದ್ದಲು ಬೇಕು. ಬಾಯ್ಲರಿಗೆ ಬೆಂಕಿ ಒಡ್ಡುವವರು, ಖಲಾಸಿಗಳು, ಟಿಕೇಟು ಮಾರುವ ಏಜೆಂಟರು, ದಡದಿಂದ ಹಡಗಿನವರೆಗೆ ಜನರನ್ನು ಸಾಗಿಸುವ ದೋಣಿಯವರು ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಪ್ರಯಾಣಿಕರು ಬೇಕು. ಇಷ್ಟೊಂದು ಕೈಗಳು ಸೇರಿ ನಡೆಸಿದ ಹಡಗು ನೆನಪಿನಲ್ಲಿ ಏಕವಚನವಾಗಿ ಉಳಿದದ್ದು ಹೇಗೆ? ಹಾಗೆ ಉಳಿಯುವಾಗ ಯಾರು ಯಾರು ದಡದಲ್ಲೇ ಉಳಿದರು?

ಪಾಲುಪಟ್ಟಿ ಹೇಳುವ ಕಥೆ

ಮೊದಲು ದಾಖಲೆಗಳ ಮಾತು ನೋಡೋಣ. ಸ್ವದೇಶಿ ಸ್ಟೀಮ್ ನ್ಯಾವಿಗೇಶನ್ ಕಂಪನಿ ನೋಂದಣಿಯಾದದ್ದು 1906ರ ಅಕ್ಟೋಬರಿನಲ್ಲಿ. ಬಂಡವಾಳ 10 ಲಕ್ಷ ರೂಪಾಯಿ. ತಲಾ 25 ರೂಪಾಯಿಯ 40,000 ಪಾಲುಗಳು. ಮದುರೆಯ ತಮಿಳು ಸಂಘವನ್ನು ಕಟ್ಟಿದ ಜಮೀನ್ದಾರ ಪಾಂಡಿತ್ತುರೈ ತೇವರ್ ಅಧ್ಯಕ್ಷರು. ಕಾರ್ಯದರ್ಶಿ ಹಾಜಿ ಮುಹಮ್ಮದ್ ಫಕೀರ್ ಮುಹಮ್ಮದ್ ಸೇಟ್. ಚಿದಂಬರಂ ಪಿಳ್ಳೆಯವರು ಸಹಾಯಕ ಕಾರ್ಯದರ್ಶಿ. ಹಾಜಿ ಸೇಟರು ಕೊಂಡ ಪಾಲುಗಳು 8,000. ಅಂದರೆ 2 ಲಕ್ಷ ರೂಪಾಯಿ. ಗೊತ್ತುಮಾಡಿದ ಒಟ್ಟು ಬಂಡವಾಳದ ಐದನೆಯ ಒಂದು ಭಾಗ.

25 ರೂಪಾಯಿಯ ಪಾಲು ಎಂಬುದರಲ್ಲಿ ಒಂದು ಧೋರಣೆ ಇದೆ. ಶ್ರೀಮಂತರಷ್ಟೇ ಸೇರುವ ಕಂಪನಿಯಾಗಿದ್ದರೆ ಪಾಲಿನ ಬೆಲೆ ಇನ್ನೂ ಹೆಚ್ಚಿರುತ್ತಿತ್ತು. ವಕೀಲರು, ಸಣ್ಣ ವರ್ತಕರು, ಮೇಷ್ಟರುಗಳು ಕೂಡ ಕಷ್ಟಪಟ್ಟು ಒಂದೆರಡು ಪಾಲು ಕೊಳ್ಳಲಿ ಎಂಬ ಲೆಕ್ಕಾಚಾರ ಅದರ ಹಿಂದಿದೆ. ಇನ್ನೊಂದು ಮುಖ್ಯವಾದ ಸಂಗತಿ, ಪಾಲು ಕೊಳ್ಳುವ ಹಕ್ಕನ್ನು ಭಾರತೀಯರಿಗೆ ಮಾತ್ರವಲ್ಲದೆ ಸಿಂಹಳದವರಿಗೂ ಏಷ್ಯಾದ ಇತರ ಜನರಿಗೂ ಕೊಟ್ಟಿದ್ದು. 'ಸ್ವದೇಶಿ' ಎಂಬ ಮಾತಿನ ಗಡಿ ಕಡಲಿನಾಚೆಗೂ ಚಾಚಿತ್ತು. ಇಂದು ಆ ಮಾತನ್ನು ಬಳಸುವವರು ಅದನ್ನು ಎಷ್ಟು ಕಿರಿದು ಮಾಡಿದ್ದಾರೆ ಎಂದು ನೋಡಿದರೆ, 1906ರ ವರ್ತಕರ ಕಲ್ಪನೆ ನಮ್ಮದಕ್ಕಿಂತ ದೊಡ್ಡದಾಗಿತ್ತು ಎನ್ನಬೇಕಾಗುತ್ತದೆ.

ಕಂಪನಿ ಮೊದಲು ಬೇರೆಯವರ ಹಡಗುಗಳನ್ನು ಬಾಡಿಗೆಗೆ ಪಡೆದು ಓಡಿಸಿತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ, ಜನರ ಬಾಯಲ್ಲಿ ಬಿ.ಐ., ಒತ್ತಡ ಹಾಕಿ ಆ ಬಾಡಿಗೆಯನ್ನು ತಪ್ಪಿಸಿತು. ಆಮೇಲೆ ಕೊಲಂಬೊದಿಂದ ಹಡಗು ತರಿಸಿದರು. ಬಾಡಿಗೆ ಹಡಗು ನೆಚ್ಚಿ ಕೂರಲಾಗದು ಎಂದು ತಿಳಿದ ಮೇಲೆ ಯುರೋಪಿನಿಂದ 'ಗ್ಯಾಲಿಯಾ' ಮತ್ತು 'ಲಾವೊ' ಎಂಬ ಎರಡು ಹಡಗುಗಳನ್ನು ಕೊಂಡರು. 1907ರ ಮೇ ತಿಂಗಳ ಹೊತ್ತಿಗೆ ಅವು ತೂತ್ತುಕುಡಿಗೆ ಬಂದವು. ದೊಡ್ಡ ಹಡಗಿನಲ್ಲಿ ಡೆಕ್ಕಿನ ಮೇಲೆ 1,300 ಜನ, ಮೊದಲ ದರ್ಜೆಯಲ್ಲಿ 42 ಮತ್ತು ಎರಡನೆಯ ದರ್ಜೆಯಲ್ಲಿ 24 ಜನ ಹಿಡಿಯುತ್ತಿದ್ದರು. ಜೊತೆಗೆ 4,000 ಮೂಟೆ ಸರಕು. ಈ ಅಂಕಿಗಳನ್ನು ಸುಮ್ಮನೆ ದಾಟಿ ಹೋಗಬಾರದು. 66 ಜನ ಕೋಣೆಯಲ್ಲಿ, 1,300 ಜನ ಬಯಲಲ್ಲಿ. ಹಡಗಿನ ಆದಾಯ ನಿಂತದ್ದು ಬಯಲಿನವರ ಮೇಲೆ. ಕಥೆಗಳು ಮಾತ್ರ ಕೋಣೆಯವರದ್ದು.

ದಡ ಮತ್ತು ಹಡಗಿನ ನಡುವಿನ ನೀರು

ಇಂದಿನ ಓದುಗರಿಗೆ ತೂತ್ತುಕುಡಿ ಎಂದರೆ ದೊಡ್ಡ ಬಂದರು. ಆದರೆ ಆ ಕಾಲದಲ್ಲಿ ಅಲ್ಲಿನ ದಡದ ನೀರಿಗೆ ಆಳವಿರಲಿಲ್ಲ. ಸ್ಟೀಮರುಗಳು ದಡದಿಂದ ಕೆಲವು ಮೈಲಿ ದೂರದಲ್ಲಿ ಲಂಗರು ಹಾಕುತ್ತಿದ್ದವು. ಜನ ಮತ್ತು ಸರಕು ದೋಣಿಗಳಲ್ಲಿ, ಸಣ್ಣ ಉಗಿ ಲಾಂಚುಗಳಲ್ಲಿ ಅಲ್ಲಿಯವರೆಗೆ ಹೋಗಬೇಕಿತ್ತು. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಗಳೂರಿನಲ್ಲೂ ಹಾಗೆಯೇ ಇತ್ತು. ಮುಂಬಯಿಯ ಸ್ಟೀಮರು ಅಳಿವೆಯ ಹೊರಗೆ ನಿಲ್ಲುತ್ತಿತ್ತು. ದಕ್ಕೆಯಿಂದ ದೋಣಿ ಹತ್ತಿ ಅಲ್ಲಿಗೆ ಹೋಗಬೇಕಿತ್ತು. ಪಣಂಬೂರಿನ ಹೊಸ ಬಂದರಿಗೂ ತೂತ್ತುಕುಡಿಯ ಹೊಸ ಬಂದರಿಗೂ 'ಪ್ರಧಾನ ಬಂದರು' ಎಂಬ ಸ್ಥಾನ ಸಿಕ್ಕಿದ್ದು ಒಂದೇ ವರ್ಷ, 1974ರಲ್ಲಿ. ಅಲ್ಲಿಯತನಕ ಈ ಎರಡು ಊರುಗಳ ದೊಡ್ಡ ಹಡಗು ಸಣ್ಣ ದೋಣಿಯ ದಯೆಯಲ್ಲಿತ್ತು.

ಇದನ್ನು ಯಾಕೆ ಹೇಳುತ್ತಿದ್ದೇವೆಂದರೆ, ಹಡಗಿನ ಕಥೆ ಬರೆಯುವವರು ಈ ಕೆಲವು ಮೈಲಿಗಳ ನೀರನ್ನು ದಾಟಿಬಿಡುತ್ತಾರೆ. ಕಥೆಯಲ್ಲಿ ವೀರ ದಡದಲ್ಲಿ ಭಾಷಣ ಮಾಡುತ್ತಾನೆ, ಮರುಕ್ಷಣ ಹಡಗು ಹೊಗೆಯುಗುಳುತ್ತಾ ಹೋಗುತ್ತದೆ. ನಡುವೆ ದೋಣಿ ನಡೆಸಿದ ಮೀನುಗಾರ, ಮೂಟೆ ಹೊತ್ತ ಹಮಾಲಿ, ಅಲೆ ಎದ್ದ ದಿನ ಹೆಂಗಸರನ್ನೂ ಮಕ್ಕಳನ್ನೂ ಎತ್ತಿ ಹಡಗಿನ ಏಣಿಗೆ ದಾಟಿಸಿದ ಕೈಗಳು ಕಾಣುವುದಿಲ್ಲ. ಸ್ವದೇಶಿ ಹಡಗಿಗೆ ಜನ ಹತ್ತಲಿಲ್ಲವೆಂದರೆ ಕಂಪನಿ ಮುಳುಗುತ್ತದೆ. ಜನ ಹತ್ತಬೇಕೆಂದರೆ ದೋಣಿಯವರು ಒಪ್ಪಬೇಕು. ಚಳವಳಿಯ ನಿಜವಾದ ಕೀಲು ಅಲ್ಲಿತ್ತು.

ಬಿಟ್ಟಿ ಟಿಕೇಟು, ಬಿಟ್ಟಿ ಕೊಡೆ

ಬಿ.ಐ. ಕಂಪನಿ ಮಾಡಿದ್ದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಅದು ಟಿಕೇಟಿನ ದರವನ್ನು ಒಂದು ರೂಪಾಯಿಗೆ ಇಳಿಸಿತು. ಸ್ವದೇಶಿ ಕಂಪನಿ ಎಂಟಾಣೆಗೆ ಇಳಿಸಿತು. ಕೊನೆಗೆ ಬಿ.ಐ.ನವರು ಬಿಟ್ಟಿಯಾಗಿ ಕರೆದೊಯ್ಯುತ್ತೇವೆ, ಮೇಲಿಂದ ಒಂದು ಕೊಡೆಯನ್ನೂ ಕೊಡುತ್ತೇವೆ ಎಂದರು. ದೊಡ್ಡ ಕಂಪನಿಗೆ ತೂತ್ತುಕುಡಿಯ ನಷ್ಟವನ್ನು ರಂಗೂನಿನಲ್ಲೋ ಕಲ್ಕತ್ತೆಯಲ್ಲೋ ತುಂಬಿಕೊಳ್ಳಬಹುದು. ಒಂದೇ ದಾರಿಯನ್ನು ನಂಬಿಕೊಂಡ ಸಣ್ಣ ಕಂಪನಿಗೆ ಆ ಸೌಕರ್ಯವಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೇಶಿ ಹಡಗು ಕಂಪನಿಗಳ ಕತ್ತು ಹಿಸುಕಿದ್ದು ಫಿರಂಗಿಯಲ್ಲ, ಈ ದರಯುದ್ಧ. ಚಿತ್ತಗಾಂಗ್ ಮತ್ತು ರಂಗೂನಿನ ಮುಸ್ಲಿಂ ವರ್ತಕರು 1905ರಲ್ಲಿ ಕಟ್ಟಿದ ಬೆಂಗಾಲ್ ಸ್ಟೀಮ್ ನ್ಯಾವಿಗೇಶನ್ ಕಂಪನಿಯೂ ಇದೇ ಬಿ.ಐ.ಯ ಎದುರು ಇದೇ ದರಯುದ್ಧದಲ್ಲಿ ನೆಲಕಚ್ಚಿತು.

ಕೊಡೆಯ ಕಥೆಯನ್ನು ನಮ್ಮ ಬರಹಗಾರರು ಹೇಳುವ ಧಾಟಿಯನ್ನು ಗಮನಿಸಬೇಕು. ಬಿಳಿಯರ ಕುತಂತ್ರಕ್ಕೆ ಮರುಳಾದ ಜನ, ಒಂದು ಕೊಡೆಗೆ ದೇಶವನ್ನು ಮಾರಿದ ಜನ ಎಂಬ ಧ್ವನಿ ಅದರಲ್ಲಿ ಇರುತ್ತದೆ. ಆದರೆ ತೂತ್ತುಕುಡಿಯಿಂದ ಕೊಲಂಬೊಗೆ ಡೆಕ್ಕಿನ ಮೇಲೆ ಹೋಗುತ್ತಿದ್ದವರು ಯಾರು? ಬಹುಪಾಲು ಜನ ಸಿಂಹಳದ ಚಹಾ ತೋಟಗಳಿಗೆ ಕಂಗಾಣಿಗಳ ಹಿಂದೆ ಹೋಗುತ್ತಿದ್ದ ಕೂಲಿಗಳು, ಅವರ ಹೆಂಡಿರು ಮಕ್ಕಳು, ಸಣ್ಣಪುಟ್ಟ ವ್ಯಾಪಾರಿಗಳು. ತೋಟಕ್ಕೆ ಕಾಲಿಡುವ ಮುಂಚೆಯೇ ಕೂಲಿಯ ಮೇಲೆ ಸಾಲ ಏರುತ್ತಿತ್ತು. ಅಂಥವನಿಗೆ ಎಂಟಾಣೆ ಎಂಬುದು ಕೆಲವು ದಿನಗಳ ದುಡಿಮೆ. ಬಿಟ್ಟಿ ಟಿಕೇಟು ಪಡೆದ ಅವನನ್ನು ದೇಶದ್ರೋಹಿಯ ಸಾಲಿಗೆ ಸೇರಿಸುವ ಮುನ್ನ, ಈ ದೇಶ ಅವನಿಗೆ ಏನು ಕೊಟ್ಟಿತ್ತು ಎಂದು ಕೇಳಬೇಡವೆ? ಅವನನ್ನು ಊರು ಬಿಡಿಸಿದ ಬರ, ಜಾತಿ ಮತ್ತು ಜಮೀನ್ದಾರಿಕೆಗಳಲ್ಲಿ ಯಾವುದೂ ಹಡಗಿನ ಜೊತೆ ಸಮುದ್ರದಾಚೆಯಿಂದ ಬಂದದ್ದಲ್ಲ.

ಈ ಸಂದರ್ಭದಲ್ಲಿ ರವೀಂದ್ರನಾಥ ಟಾಗೋರರ 'ಜೀವನಸ್ಮೃತಿ' ನೆನಪಾಗುತ್ತದೆ. ಅವರ ಅಣ್ಣ ಜ್ಯೋತಿರಿಂದ್ರನಾಥರು 1884ರ ಸುಮಾರಿಗೆ ಬಂಗಾಳದ ಖುಲ್ನಾ-ಬಾರಿಸಾಲ್ ದಾರಿಯಲ್ಲಿ ದೇಶಿ ಸ್ಟೀಮರುಗಳನ್ನು ಓಡಿಸಿದರು. ಹರಾಜಿನಲ್ಲಿ ಒಂದು ಹಡಗಿನ ಬರಿಯ ಒಡಲನ್ನು ಕೊಂಡು ಅದಕ್ಕೆ ಇಂಜಿನ್ನೂ ಕೋಣೆಗಳೂ ಸೇರಿಸುತ್ತಾ ಹೋದರು. ಅಲ್ಲೂ ಬ್ರಿಟಿಷ್ ಕಂಪನಿಯೊಂದು ಎದುರಾಳಿ. ಅಲ್ಲೂ ದರಯುದ್ಧ. ಬಿಟ್ಟಿ ಪಯಣ ಕೊಟ್ಟು, ಪ್ರಯಾಣಿಕರಿಗೆ ತಿಂಡಿಯನ್ನೂ ಹಂಚಿದ್ದು ಅಲ್ಲಿ ಬ್ರಿಟಿಷರಲ್ಲ, ಸ್ವದೇಶಿ ಕಂಪನಿಯವರೇ! ಕೊನೆಗೆ 'ಸ್ವದೇಶಿ' ಎಂಬ ಹೆಸರಿನ ಹಡಗು ಹೌರಾ ಸೇತುವೆಗೆ ಬಡಿದು ಮುಳುಗಿತು. ಟಾಗೋರರು ಇದನ್ನು ಹೇಳುವಾಗ ಅಣ್ಣನನ್ನು ಪ್ರೀತಿಸುತ್ತಾರೆ, ಆದರೆ ನಗುವುದನ್ನು ಬಿಡುವುದಿಲ್ಲ. ಉತ್ಸಾಹದಿಂದ ಲೆಕ್ಕಪುಸ್ತಕ ತುಂಬುವುದಿಲ್ಲ ಎಂಬ ತಿಳಿವು ಆ ನಗುವಿನಲ್ಲಿದೆ. ಒಂದು ಸಮಾಜ ತನ್ನ ಸೋಲನ್ನು ನಗುತ್ತಾ ಹೇಳಬಲ್ಲದಾದರೆ, ಆ ಸೋಲಿಗೆ ಕಾರಣವಾದ ಬಡವನನ್ನು ಬೈಯುವ ಅಗತ್ಯ ಬೀಳುವುದಿಲ್ಲ.

ಪಂತುಲು ಅವರ ಕ್ಯಾಮರಾ

ಈಗ ಸಿನಿಮಾಕ್ಕೆ ಬರೋಣ. ಪಂತುಲು ದೊಡ್ಡ ಕೆಲಸಗಾರ. 'ವೀರಪಾಂಡಿಯ ಕಟ್ಟಬೊಮ್ಮನ್' (1959), 'ಕಪ್ಪಲೋಟ್ಟಿಯ ತಮಿಳನ್' (1961), 'ಕಿತ್ತೂರು ಚೆನ್ನಮ್ಮ' (1961) ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅವರ ಮನಸ್ಸು ಅರ್ಥವಾಗುತ್ತದೆ. ಸ್ವಾತಂತ್ರ್ಯ ಬಂದು ಒಂದೂವರೆ ದಶಕವಾಗುತ್ತಾ ಬಂದ ಕಾಲ. ಭಾಷಾವಾರು ರಾಜ್ಯಗಳು ಆಗಷ್ಟೇ ರೂಪುಗೊಂಡಿದ್ದವು. ಪ್ರತಿ ಭಾಷೆಗೂ ದೇಶದ ಹೋರಾಟದಲ್ಲಿ ತನ್ನದೊಂದು ಪಾಲು ಬೇಕಿತ್ತು. ತಮಿಳಿಗೆ ಕಟ್ಟಬೊಮ್ಮನನ್ನೂ ಕನ್ನಡಕ್ಕೆ ಚೆನ್ನಮ್ಮನನ್ನೂ ಪರದೆಯ ಮೇಲೆ ಒಬ್ಬನೇ ನಿರ್ದೇಶಕ ಕಟ್ಟಿಕೊಟ್ಟ. ಕಟ್ಟಬೊಮ್ಮ ಮತ್ತು ಚೆನ್ನಮ್ಮ ಕತ್ತಿ ಹಿಡಿದವರು. ಅವರ ಕಥೆಗೆ ಕೋಟೆ, ಕುದುರೆ, ಸಿಂಹಾಸನ ಸಾಕು. ಚಿದಂಬರಂ ಹಿಡಿದದ್ದು ಪಾಲುಪತ್ರ. ಅವರದ್ದು ಜಂಟಿ ಬಂಡವಾಳದ ಕಂಪನಿ. ರಾಜರ ಕಥೆಗೆ ಹೊಲಿದ ಅಂಗಿಯನ್ನು ಪಂತುಲು ಒಬ್ಬ ಕಂಪನಿ ಕಾರ್ಯಕರ್ತನಿಗೆ ತೊಡಿಸಿದರು. ಸಿನಿಮಾದ ಬಲವೂ ಮಿತಿಯೂ ಇದೇ.

ಬಲದ ಮಾತು ಮೊದಲು ಹೇಳಬೇಕು. ಜೈಲಿನಲ್ಲಿ ಎತ್ತಿನ ಜಾಗದಲ್ಲಿ ನಿಂತು ಗಾಣ ಎಳೆಯುವ ಚಿದಂಬರಂ ಅವರ ದೃಶ್ಯವನ್ನು ನೋಡಿದವರು ಮರೆಯಲಾರರು. ಶಿವಾಜಿ ಗಣೇಶನ್ ತಮ್ಮ ಎಂದಿನ ಅಬ್ಬರವನ್ನು ಪಕ್ಕಕ್ಕಿಟ್ಟು, ಮುಪ್ಪು ಮತ್ತು ಬಡತನಗಳಿಗೆ ಮೈಯನ್ನು ಬಗ್ಗಿಸಿದ ರೀತಿ ಅಪರೂಪದ್ದು. ಟಿ.ಕೆ. ಷಣ್ಮುಗಂ ಸುಬ್ರಮಣ್ಯ ಶಿವ ಆಗಿ, ಎಸ್.ವಿ. ಸುಬ್ಬಯ್ಯ ಕವಿ ಭಾರತಿಯಾಗಿ ಅವರ ಪಕ್ಕ ನಿಲ್ಲುತ್ತಾರೆ. ಜಿ. ರಾಮನಾಥನ್ ಅವರು ಭಾರತಿಯ ಕವಿತೆಗಳಿಗೇ ರಾಗ ಹಾಕಿದರು. ನಮ್ಮ ಪಿ.ಬಿ. ಶ್ರೀನಿವಾಸ್ ಅವರ ದನಿಯೂ ಅಲ್ಲಿದೆ. ಇಷ್ಟಿದ್ದೂ ಚಿತ್ರ ಬಿಡುಗಡೆಯಾದಾಗ ಹಣ ಗಳಿಸಲಿಲ್ಲ. ಕಾಲ ಕಳೆದಂತೆ ಅದರ ಮರ್ಯಾದೆ ಬೆಳೆಯಿತು. ಇಂದು ಚಿದಂಬರಂ ಅವರನ್ನು ನೆನೆಯುವವರ ಕಣ್ಣ ಮುಂದೆ ಬರುವುದು ಶಿವಾಜಿಯ ಮುಖ.

ಮಿತಿಯ ಮಾತು. ಗಾಣದ ದೃಶ್ಯ ಎಷ್ಟು ದೊಡ್ಡದಾಯಿತೆಂದರೆ ಅದರ ಹಿಂದಿದ್ದ ಹಡಗು ಚಿಕ್ಕದಾಯಿತು. ಒಬ್ಬ ಮನುಷ್ಯನ ನೋವು ಕಥೆಯ ಕೇಂದ್ರಕ್ಕೆ ಬಂದಾಗ ಒಂದು ಸಂಸ್ಥೆ ಹೇಗೆ ಹುಟ್ಟಿತು, ಹೇಗೆ ಸತ್ತಿತು ಎಂಬ ಪ್ರಶ್ನೆ ಹಿನ್ನೆಲೆಗೆ ಸರಿಯುತ್ತದೆ. ಜನಪ್ರಿಯ ಸಿನಿಮಾಕ್ಕೆ ಒಂದು ಪ್ರೇಮಕಥೆ ಬೇಕಾದ್ದರಿಂದ ಜೆಮಿನಿ ಗಣೇಶನ್ ಮತ್ತು ಸಾವಿತ್ರಿಯರ ಮಾಡಸಾಮಿ-ಕಣ್ಣಮ್ಮ ಜೋಡಿ ಬಂತು. ಇದನ್ನು ನಾವು ದೂರುವುದಿಲ್ಲ. ಆದರೆ ತೂತ್ತುಕುಡಿಯ ಚರಿತ್ರೆಯಲ್ಲಿ ಇದಕ್ಕಿಂತ ನಾಟಕೀಯವಾದ ಒಂದು ನಂಟು ಇತ್ತು ಎಂಬುದನ್ನು ಹೇಳಲೇಬೇಕು. ಬಿ.ಐ. ಹಡಗು ಕಂಪನಿಯ ತೂತ್ತುಕುಡಿ ಏಜೆಂಟರು ಎ. ಅಂಡ್ ಎಫ್. ಹಾರ್ವೆ ಎಂಬ ಕಂಪನಿ. ಊರಿನ ಕೋರಲ್ ಮಿಲ್ ಎಂಬ ನೂಲಿನ ಗಿರಣಿಯನ್ನು ನಡೆಸುತ್ತಿದ್ದದ್ದೂ ಇದೇ ಹಾರ್ವೆ ಕಂಪನಿ. 1908ರ ಫೆಬ್ರವರಿ ಕೊನೆಯಲ್ಲಿ ಗಿರಣಿಯ ಕೆಲಸಗಾರರು ಮುಷ್ಕರ ಹೂಡಿದಾಗ ಚಿದಂಬರಂ ಮತ್ತು ಶಿವ ಅವರ ಜೊತೆ ನಿಂತರು. ಕೂಲಿ ಹೆಚ್ಚಿಸುವಂತೆ ಆಡಳಿತವನ್ನು ಒಪ್ಪಿಸಿದರು. ಕಡಲಿನಲ್ಲಿ ಎದುರಾದವರೇ ದಡದಲ್ಲೂ ಎದುರಾದರು. ಹಡಗಿನ ಪೈಪೋಟಿ ಮತ್ತು ಗಿರಣಿಯ ಮುಷ್ಕರ ಬೇರೆ ಬೇರೆ ಅಧ್ಯಾಯಗಳಲ್ಲ, ಒಂದೇ ಹೋರಾಟದ ಎರಡು ಮುಖಗಳು. ಸರಕಾರ ಚಿದಂಬರಂ ಅವರನ್ನು ಬಂಧಿಸಿದ್ದು ಮುಷ್ಕರ ಗೆದ್ದ ಕೆಲವೇ ದಿನಗಳಲ್ಲಿ, 1908ರ ಮಾರ್ಚ್ 12ರಂದು. ಹಡಗನ್ನು ಸಹಿಸಿಕೊಂಡಿದ್ದ ಆಡಳಿತಕ್ಕೆ ಹಡಗೂ ಕೂಲಿಯೂ ಒಂದಾದದ್ದನ್ನು ಸಹಿಸಲಾಗಲಿಲ್ಲ ಎಂದು ನಾವು ಓದಿಕೊಳ್ಳುತ್ತೇವೆ.

ಮರುದಿನ ತಿರುನಲ್ವೇಲಿ ಹೊತ್ತಿ ಉರಿಯಿತು. ಸರಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಪೊಲೀಸರ ಗುಂಡಿಗೆ ನಾಲ್ವರು ಸತ್ತರು. ಜುಲೈ 7ರಂದು ನ್ಯಾಯಾಧೀಶ ಪಿನ್ಹೆ ಚಿದಂಬರಂ ಅವರಿಗೆ ಎರಡು ಜೀವಾವಧಿ ಶಿಕ್ಷೆ ಕೊಟ್ಟ. ಮೇಲ್ಮನವಿಯಲ್ಲಿ ಅದು ಆರು ವರ್ಷಕ್ಕೆ ಇಳಿಯಿತು. 1912ರ ಡಿಸೆಂಬರಿನಲ್ಲಿ ಅವರು ಕಣ್ಣಾನೂರು ಜೈಲಿನಿಂದ ಹೊರಬರುವಾಗ ಕಂಪನಿ ಇರಲಿಲ್ಲ. 1911ರಲ್ಲೇ ಅದನ್ನು ಮುಚ್ಚಿಯಾಗಿತ್ತು.

ಇಬ್ಬರು ಹಾಜಿಗಳು

ಹಾಜಿ ಮುಹಮ್ಮದ್ ಸೇಟರ ಹೆಸರಿಗೆ ಏನಾಯಿತು? ಅದು ಅಳಿಸಿಹೋಗಿಲ್ಲ. ಚಿದಂಬರಂ ಚರಿತ್ರೆ ಬರೆದವರು '8,000 ಪಾಲು ಕೊಂಡ ಹಾಜಿ' ಎಂದು ಒಂದು ಸಾಲಿನಲ್ಲಿ ಅವರನ್ನು ನೆನೆದು ಮುಂದೆ ಹೋಗುತ್ತಾರೆ. ಆ ಸಾಲಿನಲ್ಲಿ ಹಣ ಇದೆ, ಮನುಷ್ಯ ಇಲ್ಲ. ಅಧಿಕೃತವಾಗಿ ಕಂಪನಿಯ ಕಾರ್ಯದರ್ಶಿಯಾಗಿದ್ದವರು, ಕಂಪನಿ ಮುಚ್ಚಿದಾಗ ಅತಿ ಹೆಚ್ಚು ಕಳೆದುಕೊಂಡವರ ಸಾಲಿನಲ್ಲಿ ನಿಲ್ಲಬೇಕಾದವರು ಚರಿತ್ರೆಗೆ ಒಂದು ಅಂಕಿಯಾಗಿ ಮಾತ್ರ ಬೇಕಾದರು.

ಇದಕ್ಕೆ ತಿರುವುಮುರುವಾದ ಇನ್ನೊಂದು ಕಥೆ ಪಶ್ಚಿಮ ಕರಾವಳಿಯಲ್ಲಿದೆ. 1888ರ ನವೆಂಬರಿನಲ್ಲಿ 'ವೈತರಣಾ' ಎಂಬ ಪ್ರಯಾಣಿಕ ಸ್ಟೀಮರು ಕಚ್ಛದ ಮಾಂಡವಿಯಿಂದ ಹೊರಟು ಸೌರಾಷ್ಟ್ರದ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿ ಕಾಣೆಯಾಯಿತು. 700ಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ವಿದ್ಯುತ್ ದೀಪಗಳಿದ್ದುದರಿಂದ ಜನ ಅದನ್ನು 'ವೀಜಳಿ' ಎನ್ನುತ್ತಿದ್ದರು. ಹಡಗಿನ ಒಡೆತನ ಮುಂಬಯಿಯ ಶೆಫರ್ಡ್ ಕಂಪನಿಯದ್ದು. ಆದರೆ ಗುಜರಾತಿ ಜನಪದ ಗೀತೆ ಆ ಹಡಗನ್ನು ಹಾಜಿ ಕಾಸಂ ಎಂಬವನ ಹೆಸರಿಗೆ ಬರೆದುಬಿಟ್ಟಿತು. ಆ ಹೆಸರಿನಲ್ಲೇ ಗುಣವಂತರಾಯ ಆಚಾರ್ಯರ ಕಾದಂಬರಿಯೂ 1954ರಲ್ಲಿ ಬಂತು. ಜನಪದದಲ್ಲಿ ದ್ವೇಷವಿದೆ ಎಂದು ನಾವು ಹೇಳುತ್ತಿಲ್ಲ. ಅದು ಶೋಕಗೀತೆ, ಶೋಕಕ್ಕೆ ಕೂಗಿ ಕರೆಯಲು ಒಂದು ಹೆಸರು ಬೇಕು. ಆದರೂ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ವಿಚಿತ್ರ ಕಾಣುತ್ತದೆ. ಮುಳುಗಿದ ಹಡಗಿನ ಜೊತೆ ಹಾಜಿಯ ಹೆಸರು ಉಳಿಯಿತು. ತೇಲಿದ ಹಡಗಿನ ಜೊತೆ ಹಾಜಿಯ ಹೆಸರು ಉಳಿಯಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಇಂಥ ಸಂಗತಿ ಸಿಕ್ಕಿದ ಕೂಡಲೇ ನಮ್ಮಲ್ಲಿ ಕೆಲವರು 'ಸ್ವಾತಂತ್ರ್ಯ ಹೋರಾಟಕ್ಕೆ ಮುಸ್ಲಿಮರ ಕೊಡುಗೆ' ಎಂಬ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿ ಸಮಾಧಾನ ಪಡುತ್ತಾರೆ. ಈ ಪಟ್ಟಿಯ ಹಿಂದಿನ ನೋವು ನಮಗೆ ಅರ್ಥವಾಗುತ್ತದೆ. ದೇಶಪ್ರೇಮದ ರಸೀದಿ ತೋರಿಸು ಎಂದು ಕೇಳುವವರ ಮುಂದೆ ಹಳೆಯ ರಸೀದಿಗಳನ್ನು ಹುಡುಕುವ ಅವಸ್ಥೆ ಅದು. ಆದರೆ ಹಾಜಿ ಸೇಟರು ರಸೀದಿಗಾಗಿ ಪಾಲು ಕೊಂಡವರಲ್ಲ. ಅವರು ವರ್ತಕರು. ಬಿ.ಐ. ಕಂಪನಿಯ ಸಾಗಾಣಿಕೆ ದರ ಊರಿನ ವ್ಯಾಪಾರಿಗಳ ಕತ್ತಿಗೆ ಉರುಳಾಗಿತ್ತು. ಸ್ವಂತ ಹಡಗಿದ್ದರೆ ಲಾಭವಿತ್ತು, ಮಾನವೂ ಇತ್ತು. ಲಾಭ ಮತ್ತು ದೇಶಾಭಿಮಾನ ಒಂದೇ ಲೆಕ್ಕಪುಸ್ತಕದಲ್ಲಿ ಕೂಡಿ ಬಂದ ಗಳಿಗೆ ಅದು. ಅವರನ್ನು ತ್ಯಾಗಮೂರ್ತಿ ಮಾಡಿದರೂ ಅಡಿಟಿಪ್ಪಣಿ ಮಾಡಿದರೂ ಮನುಷ್ಯನನ್ನು ಕಳೆದುಕೊಳ್ಳುತ್ತೇವೆ. ಪಾಂಡಿತ್ತುರೈ ತೇವರ್ ಅಧ್ಯಕ್ಷರಾಗಿ, ಸೇಟರು ಕಾರ್ಯದರ್ಶಿಯಾಗಿ, ಪಿಳ್ಳೆಯವರು ಸಹಾಯಕರಾಗಿ ಒಂದು ಮೇಜಿನ ಸುತ್ತ ಕೂತಾಗ ಅವರು ಸೌಹಾರ್ದದ ಪ್ರದರ್ಶನ ಮಾಡುತ್ತಿರಲಿಲ್ಲ, ಒಂದು ಕೆಲಸ ಮಾಡುತ್ತಿದ್ದರು. ಸೌಹಾರ್ದವೆಂಬುದು ಕೂಡಿ ಮಾಡಿದ ಕೆಲಸದಲ್ಲಿ ಇರುತ್ತದೆಯೇ ಹೊರತು ಅದರ ಬಗೆಗಿನ ಭಾಷಣದಲ್ಲಿ ಅಲ್ಲ.

ಹೆಸರು ನೋಡಿ ಪಟ್ಟಿ ಮಾಡುವುದರ ಅಪಾಯಕ್ಕೆ ಇನ್ನೊಂದು ನಿದರ್ಶನ. ಭಾರತದ ಕರಾವಳಿ ಸಾಗಾಣಿಕೆಯನ್ನು ಭಾರತೀಯ ಹಡಗುಗಳಿಗೇ ಮೀಸಲಿಡಬೇಕೆಂಬ ಮಸೂದೆಯನ್ನು 1928ರಲ್ಲಿ ಕೇಂದ್ರ ಶಾಸನಸಭೆಯ ಮುಂದೆ ತಂದವರು ಎಸ್.ಎನ್. ಹಾಜಿ. ಅವರು ಮುಸ್ಲಿಮರಲ್ಲ. ಅವರ ಪೂರ್ತಿ ಹೆಸರು ಸಾರಾಭಾಯಿ ನೇಮಚಂದ್ ಹಾಜಿ. ಹಡಗಿನ ಚರಿತ್ರೆ ನಮ್ಮ ಪಟ್ಟಿಗಳನ್ನು ಹೀಗೆ ತಮಾಷೆ ಮಾಡುತ್ತಿರುತ್ತದೆ.

ವೀರಗಾಥೆಗೆ ಒಗ್ಗದ ಸಂಗತಿಗಳು

ಸಿನಿಮಾದ ನಂತರ ಈ ಕಥೆಗೆ ಬಂದ ದೊಡ್ಡ ಕೊಡುಗೆ ಚರಿತ್ರಕಾರ ಎ.ಆರ್. ವೆಂಕಟಾಚಲಪತಿಯವರದ್ದು. ಅವರು ದಶಕಗಳ ಕಾಲ ಚಿದಂಬರಂ ಅವರನ್ನು ದಾಖಲೆಗಳಲ್ಲಿ ಹುಡುಕಿದವರು. 1908ರ ತಿರುನಲ್ವೇಲಿ ಬಂಡಾಯದ ಬಗೆಗಿನ ಅವರ ತಮಿಳು ಪುಸ್ತಕಕ್ಕೆ 2024ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಂಪನಿಯ ಕಥೆಯನ್ನು ಹೇಳುವ 'ಸ್ವದೇಶಿ ಸ್ಟೀಮ್' ಎಂಬ ಇಂಗ್ಲಿಷ್ ಪುಸ್ತಕವೂ ಅವರದ್ದೇ. ಹೆಸರನ್ನು ಗಮನಿಸಿ. 'ಹಡಗು ನಡೆಸಿದ ತಮಿಳ' ಎಂಬಲ್ಲಿ ಒಬ್ಬ ಮನುಷ್ಯನಿದ್ದಾನೆ. 'ಸ್ವದೇಶಿ ಸ್ಟೀಮ್' ಎಂಬಲ್ಲಿ ಒಂದು ಸಂಸ್ಥೆ ಇದೆ, ಒಂದು ಯಂತ್ರಶಕ್ತಿ ಇದೆ. ಹೆಸರಿನ ಈ ಬದಲಾವಣೆಯೇ ಒಂದು ವಿಮರ್ಶೆ.

ವೆಂಕಟಾಚಲಪತಿಯವರ ಇನ್ನೊಂದು ತಮಿಳು ಪುಸ್ತಕದ ಹೆಸರಿನಲ್ಲೇ '347 ರೂಪಾಯಿ 12 ಆಣೆ' ಎಂಬ ಮಾತಿದೆ. ದಕ್ಷಿಣ ಆಫ್ರಿಕದಲ್ಲಿದ್ದ ಭಾರತೀಯರು ಚಿದಂಬರಂ ಅವರಿಗೆಂದು ಕೂಡಿಸಿ ಗಾಂಧಿಯವರ ಕೈಗೆ ಕೊಟ್ಟ ಹಣ ಅದು. ಅದು ತಲುಪುವುದು ತಡವಾಯಿತು. ಜೈಲಿನಿಂದ ಬಂದ, ವಕೀಲಿಕೆಯ ಸನದು ಕಳೆದುಕೊಂಡ ಚಿದಂಬರಂ ಆ ಹಣಕ್ಕಾಗಿ ಗಾಂಧಿಯವರಿಗೆ ಪತ್ರದ ಮೇಲೆ ಪತ್ರ ಬರೆದರು. 1916ರಲ್ಲಿ ಹಣ ಕೈಸೇರಿತು. ಹತ್ತು ಲಕ್ಷದ ಕಂಪನಿಗಾಗಿ ಊರೂರು ಅಲೆದ ಮನುಷ್ಯ 347 ರೂಪಾಯಿಗೆ ಕಾಯಬೇಕಾಯಿತು. ಇಲ್ಲಿ ಖಳನಾಯಕರಿಲ್ಲ, ಬರಿ ಬಡತನವಿದೆ. ವೀರಗಾಥೆಗೆ ಇದನ್ನು ಹೇಗೆ ಹಿಡಿದಿಡಬೇಕೆಂದು ತಿಳಿಯದು. ದಾಖಲೆಗೆ ತಿಳಿಯುತ್ತದೆ.

ಇನ್ನೂ ಒಂದು ಸಂಗತಿ. ಚಿದಂಬರಂ ಅವರಿಗೆ ಸನದು ಮರಳಿ ಸಿಗಲು ನೆರವಾದವನು ವಾಲೇಸ್ ಎಂಬ ಇಂಗ್ಲಿಷ್ ನ್ಯಾಯಾಧೀಶ. ಆ ಕೃತಜ್ಞತೆಗೆ ಅವರು ತಮ್ಮ ಮಗನಿಗೆ ವಾಲೇಶ್ವರನ್ ಎಂದು ಹೆಸರಿಟ್ಟರು. ಇಂಗ್ಲಿಷರ ಕಂಪನಿಯ ವಿರುದ್ಧ ಹಡಗು ಬಿಟ್ಟವರು, ಇಂಗ್ಲಿಷರ ಜೈಲಿನಲ್ಲಿ ಗಾಣ ಎಳೆದವರು ಒಬ್ಬ ಇಂಗ್ಲಿಷನ ಹೆಸರನ್ನು ಮನೆಯೊಳಗೆ ಕರೆದುಕೊಂಡರು. ಜೈಲಿನಲ್ಲಿ ಕೂತು ಅವರು ಜೇಮ್ಸ್ ಅಲೆನ್ ಎಂಬ ಇಂಗ್ಲಿಷ್ ಲೇಖಕನ ಪುಸ್ತಕವನ್ನು ತಮಿಳಿಗೆ ತಂದರು. ಅವರು ದ್ವೇಷವನ್ನು ಉಂಡು ಬದುಕಿದವರಲ್ಲ. ಆಳ್ವಿಕೆಯ ಮೇಲಿನ ಸಿಟ್ಟು ಬೇರೆ, ಜನರ ಮೇಲಿನ ಸಿಟ್ಟು ಬೇರೆ ಎಂದು ಅವರಿಗೆ ಗೊತ್ತಿತ್ತು. ಒಂದು ಸಮುದಾಯದ ಮೇಲೆ ಸಿಟ್ಟೇಳಲು ಚರಿತ್ರೆಯನ್ನು ಕೆದಕುವ ಇಂದಿನ ದೇಶಭಕ್ತಿಗೆ ಈ ಚಿದಂಬರಂ ಸುಲಭಕ್ಕೆ ದಕ್ಕುವುದಿಲ್ಲ.

ಕೊನೆಯದಾಗಿ ಭೂಗೋಳದ ಒಂದು ಮಾತು. 1914ರಲ್ಲಿ ಪಂಬನ್ ಸೇತುವೆಯ ಮೇಲೆ ರೈಲು ಓಡಿತು. ಧನುಷ್ಕೋಡಿಯಿಂದ ತಲೈಮನ್ನಾರಿಗೆ ಸ್ಟೀಮರ್ ಸೇವೆ ಶುರುವಾಯಿತು. ತೂತ್ತುಕುಡಿಗೆ ಬರುತ್ತಿದ್ದ ಬೋಟ್ ಮೇಲ್ ರೈಲು ಧನುಷ್ಕೋಡಿಯ ಕಡೆ ತಿರುಗಿತು. ಇಡೀ ರಾತ್ರಿಯ ಕಡಲ ಪಯಣದ ಜಾಗದಲ್ಲಿ ಕೆಲವು ಗಂಟೆಗಳ ದಾಟು ಬಂತು. ಸ್ವದೇಶಿ ಕಂಪನಿ ಒಂದು ವೇಳೆ ಬದುಕಿದ್ದರೂ ಅದರ ಡೆಕ್ಕಿನ ಜನ ಆ ಹೊಸ ದಾರಿ ಹಿಡಿಯುತ್ತಿದ್ದರು. ಆಗ ಕಂಪನಿ ಸರಕಿನತ್ತ, ಬೇರೆ ಬಂದರುಗಳತ್ತ ನೋಡಬೇಕಾಗುತ್ತಿತ್ತು. 1919ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಸಿಂಧಿಯಾ ಕಂಪನಿ ಬದುಕಿದ್ದು ಹೆಚ್ಚಿನ ಬಂಡವಾಳದಿಂದ, ಮತ್ತು ಬಿ.ಐ. ಜೊತೆ ಹೊಡೆದಾಡಿಯೂ ಒಪ್ಪಂದಕ್ಕೆ ಬಂದೂ ಉಳಿಯುವ ಜಾಣತನದಿಂದ. ಆ ಧನುಷ್ಕೋಡಿಯೂ 1964ರ ಡಿಸೆಂಬರಿನ ಚಂಡಮಾರುತಕ್ಕೆ ಕೊಚ್ಚಿಹೋಯಿತು. ಕಡಲ ದಾರಿಗಳು ಯಾರ ಗೆಲುವನ್ನೂ ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ.

ತೂತ್ತುಕುಡಿಯ ಬಂದರಿಗೆ 2011ರಲ್ಲಿ ಚಿದಂಬರನಾರ್ ಅವರ ಹೆಸರಿಟ್ಟರು. ಅದು ನ್ಯಾಯವಾದ ಗೌರವ. ಅದರಿಂದ ಒಂದು ಹೆಸರನ್ನೂ ಕಡಿಮೆ ಮಾಡಬೇಕಾಗಿಲ್ಲ. ಆದರೆ ನಮ್ಮ ಕರಾವಳಿಯ ಸ್ಟೀಮರುಗಳ ಬಗ್ಗೆ ಮುಂದೆ ಬರೆಯುವವರಿಗೆ ತಮಿಳರ ಈ ಅನುಭವ ಪಾಠವಾಗಬೇಕು. ಕಾರವಾರದಿಂದ ಮಂಗಳೂರಿನವರೆಗೆ ಮುಂಬಯಿ ಸ್ಟೀಮರು ಹತ್ತಿದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಇದ್ದಾರೆ. ಹೋಟೆಲಿನ ಮಾಣಿಯಾಗಲು ಹೋದವರು, ಹಜ್ಜಿಗೆಂದು ಮುಂಬಯಿಗೆ ಹೊರಟವರು, ಹಂಚಿನ ಲೆಕ್ಕ ಬರೆದವರು, ಅಳಿವೆಯಲ್ಲಿ ದೋಣಿ ಹಿಡಿದು ನಿಂತವರು ಎಲ್ಲರೂ ಆ ಹಡಗಿನ ಕಥೆಗೆ ಸೇರಿದವರು. ಬರೆಯುವಾಗ ನಾಯಕನನ್ನು ಹುಡುಕುವ ಮೊದಲು ಟಿಕೇಟಿನ ಬೆಲೆ ಕೇಳಿ, ಡೆಕ್ಕಿನ ಮೇಲೆ ಎಷ್ಟು ಜನ ಮಲಗಿದ್ದರು ಎಂದು ಕೇಳಿ, ಪಾಲುಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ನೋಡಿ. ಹಡಗು ನಡೆಸಿದವರು ಯಾರು ಎಂಬುದಕ್ಕೆ ಉತ್ತರ ಅಲ್ಲಿ ಸಿಗುತ್ತದೆ, ಬಹುವಚನದಲ್ಲಿ.